ಪಾತಾಳಪಟ್ಟಣದಲ್ಲಿ ಬೀಡಿ ಹೊತ್ತುವುದೇ?

ಗುಂಪು: ರಾಯಚೂರು ಹಳೆಯ ವಿದ್ಯಾರ್ಥಿಗಳು

ಮಂಜುನಾಥ (ಕೊಪ್ಪಳ): ಹಿರಿಯರಿಗೆ ನಮಸ್ಕಾರ. ನಾನು ರಚಿಸುತ್ತಿರುವ ರೋಲ್‌ಪ್ಲೇ ಆಟದ ಹಿನ್ನೆಲೆಯ ಕರಡನ್ನು ಇಲ್ಲಿ ಹಂಚಿಕೊಂಡಿದ್ದೇನೆ. ನಾಲ್ಕೈದು ಜನ ಮೇಜಿನ ಸುತ್ತ ಕುಳಿತು, ದಾಳ ಉರುಳಿಸುತ್ತಾ, ತಲಾ ಒಂದು ಪಾತ್ರವಾಗಿ ಮಾತನಾಡುತ್ತಾ ಕಥೆ ಬೆಳೆಸುವ ಆಟವಿದು. ದೊಡ್ಡಾಟದ ಸಾರಥಿಯಂತೆ ಇಲ್ಲಿಯೂ ನಡೆಸಿಕೊಡುವವನು ಒಬ್ಬನಿರುತ್ತಾನೆ. ಕಥೆ ನಡೆಯುವುದು ಅರಬ್ಬೀ ಸಮುದ್ರದ 300 ಮೀಟರ್ ಆಳದಲ್ಲಿರುವ ‘ಪಾತಾಳಪಟ್ಟಣ’ದಲ್ಲಿ. ತಪ್ಪಿದ್ದರೆ ತಿದ್ದಬೇಕಾಗಿ ವಿನಂತಿ.

ಶರಣಬಸವ (ಹಟ್ಟಿ): ಪೂರ್ತಿ ಓದಿದೆ, ತಮ್ಮಾ. ಮೂರನೆಯ ಪುಟದಲ್ಲಿ ನಿನ್ನ ನಾಯಕ ಪಟ್ಟಣದ ತಳದಲ್ಲಿರುವ ತೆರೆದ ಕೊಳದಿಂದ ಸಮುದ್ರಕ್ಕೆ ಧುಮುಕುತ್ತಾನೆ, ಹಿಂದಿರುಗಿ ಬಂದು ಬೀಡಿ ಹಚ್ಚುತ್ತಾನೆ, ಸಂಜೆ ಮಲ್ಪೆಯಲ್ಲಿ ಮೀನೂಟಕ್ಕೆ ಕುಳಿತಿರುತ್ತಾನೆ. ಮೊದಲನೆಯದು ನಿಜವಾದರೆ ಉಳಿದೆರಡೂ ಆಗದ ಮಾತು.

ವಿರೂಪಾಕ್ಷ (ಬಳ್ಳಾರಿ): ಆಟಕ್ಕೆ ಇಷ್ಟು ಲೆಕ್ಕವೇಕೆ ಮಾರಾಯ? ಬಯಲಾಟದ ರಾವಣನಿಗೆ ಹತ್ತು ತಲೆಗಳ ಭಾರ ಕುತ್ತಿಗೆಯ ಮೇಲೆ ಹೇಗೆ ನಿಂತಿತೆಂದು ಯಾರೂ ಕೇಳಿದ್ದಿಲ್ಲ.

ಶರಣಬಸವ: ನೋಡಲು ಕುಳಿತವನು ಕೇಳುವುದಿಲ್ಲ, ನಿಜ. ಆದರೆ ಇದರಲ್ಲಿ ಕುಳಿತವನೇ ಆಡುವವನು. ಬಾಗಿಲು ಕಂಡರೆ ತೆಗೆದೇ ತೆಗೆಯುತ್ತಾನೆ. ತೆಗೆದರೆ ಏನಾಗುತ್ತದೆಂದು ಬರೆದವನಿಗೆ ಗೊತ್ತಿರಬೇಕು. ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒಂದು ವಾತಾವರಣದಷ್ಟು (ಅಂದರೆ ಮೇಲೆ ನಮ್ಮ ಸುತ್ತಲಿನ ಗಾಳಿಯಷ್ಟು) ಒತ್ತಡ ಏರುವುದರಿಂದ, 300 ಮೀಟರಿನಲ್ಲಿ ಅದು ಮೇಲಿನ ಗಾಳಿಯದೂ ಸೇರಿ 31 ವಾತಾವರಣವಾಗುತ್ತದೆ. ಪಟ್ಟಣದೊಳಗೆ ನಮ್ಮ ಮನೆಯ ಗಾಳಿಯೇ ಇರಬೇಕೆಂದರೆ, ಎರಡು ಚದರ ಮೀಟರಿನ ಒಂದು ಬಾಗಿಲಿನ ಮೇಲೆ ಸುಮಾರು 600 ಟನ್ ಭಾರ ಬೀಳುತ್ತದೆ. ಅಂದರೆ ತಲಾ 20 ಟನ್ ಹೊತ್ತ 30 ಅದಿರು ಲಾರಿಗಳು. ಅಂಥ ಗೋಡೆಗೆ ತೆರೆದ ಕೊಳ ಇರಲಾರದು. ಕೊಳ ಬೇಕೇ ಬೇಕೆಂದರೆ, ಬಕೆಟ್ಟಿನಲ್ಲಿ ಬೋರಲು ಅದುಮಿದ ಲೋಟದಂತೆ, ಒಳಗಿನ ಗಾಳಿಯ ಒತ್ತಡವೂ ಹೊರಗಿನ ನೀರಿನಷ್ಟೇ ಇರಬೇಕು. ಈ ಎರಡರಲ್ಲಿ ಯಾವುದೆಂದು ನಿರ್ಧರಿಸದೆ ನೀನು ನಾಲ್ಕನೆಯ ಪುಟಕ್ಕೆ ಹೋಗಬಾರದಿತ್ತು.

ಗೀತಾ (ರಾಯಚೂರು): ಕೊಳವನ್ನು ಉಳಿಸಿಕೊಂಡರೆ ಬೀಡಿಯನ್ನು ಬಿಡಬೇಕು, ಮಂಜುನಾಥ. ಅಷ್ಟು ಒತ್ತಡದಲ್ಲಿ ನೈಟ್ರೋಜನ್ ಮಂಪರು ತರಿಸುತ್ತದೆ ಎಂದು ಮುಳುಗುಗಾರರಿಗೆ ಹೀಲಿಯಂ ಬೆರೆಸಿದ ಗಾಳಿ ಕೊಡುತ್ತಾರೆ. ಆಮ್ಲಜನಕ ಹೆಚ್ಚಾದರೆ ಅದೂ ವಿಷವಾಗುವುದರಿಂದ ಶೇಕಡಾ ಒಂದೂವರೆಯಷ್ಟೂ ಇರುವುದಿಲ್ಲ. ಉಸಿರಾಟಕ್ಕೆ ಅದು ಸಾಕು, ಬೆಂಕಿಗೆ ಸಾಲದು. ಒಗ್ಗರಣೆಯ ಒಲೆಯೂ ಹೊತ್ತುವುದಿಲ್ಲ. ಮಾತು ಬಾತುಕೋಳಿಯ ಕೂಗಿನಂತೆ ಕೇಳಿಸುತ್ತದೆ. ಹೀಲಿಯಂ ಮೈಯ ಶಾಖವನ್ನು ಬೇಗನೆ ಎಳೆದುಕೊಳ್ಳುವುದರಿಂದ ಕೋಣೆಯನ್ನು ಸುಮಾರು 30 ಡಿಗ್ರಿಯಲ್ಲಿ ಇಟ್ಟರೆ ಮಾತ್ರ ಹಿತ. (ನಮ್ಮ ಊರಿನವರಿಗೆ ಅದೊಂದು ಮಾತ್ರ ಹೊಂದೀತು.)

ವಿರೂಪಾಕ್ಷ: ಮೀನೂಟಕ್ಕೇನು ಅಡ್ಡಿ?

ಗೀತಾ: ಒತ್ತಡಕ್ಕೆ ಮೈಯಲ್ಲಿ ಕರಗಿದ ಅನಿಲ ನಿಧಾನವಾಗಿ ಹೊರಬರಬೇಕು, ಅವಸರ ಮಾಡಿದರೆ ರಕ್ತದಲ್ಲೇ ಗುಳ್ಳೆಗಳೇಳುತ್ತವೆ. ಫ್ಲಾರಿಡಾ ಕರಾವಳಿಯಲ್ಲಿ ನೀರಿನೊಳಗಿರುವ ಅಕ್ವೇರಿಯಸ್ ಸಂಶೋಧನಾ ನೆಲೆ ಸುಮಾರು 19 ಮೀಟರ್ ಆಳದಲ್ಲಿದೆ, ನಾಸಾ 2001ರಲ್ಲಿ ಅಲ್ಲಿ ಗಗನಯಾತ್ರಿಗಳ ತರಬೇತಿ ಆರಂಭಿಸಿತು. ಅಲ್ಲಿ ದಿನಗಟ್ಟಲೆ ಇದ್ದವರಿಗೆ ಅಷ್ಟೇ ಆಳದಿಂದ ಮೇಲೆ ಬರಲು ಸುಮಾರು 17 ಗಂಟೆ ಬೇಕು. 300 ಮೀಟರಿನಿಂದ ಬರಲು ಹತ್ತು ಹನ್ನೊಂದು ದಿನ.

ವಿರೂಪಾಕ್ಷ: ಹಾಗಾದರೆ ಕಥೆಯೇ ಸತ್ತಿತು. ಹನ್ನೊಂದು ದಿನ ಡಬ್ಬಿಯೊಳಗೆ ಕುಳಿತವನನ್ನು ಯಾರು ಆಡುತ್ತಾರೆ?

ಶರಣಬಸವ: ನಾನಾದರೆ ಅಲ್ಲಿಂದಲೇ ಕಥೆ ಶುರು ಮಾಡುತ್ತೇನೆ. ನಮ್ಮ ಗಣಿಯಲ್ಲಿ ಪಾಳಿ ಮುಗಿದರೆ ಕೇಜ್ ಹತ್ತಿ ಮೇಲೆ ಬಂದು ಮನೆಯ ಚಹಾ ಕುಡಿಯುತ್ತೇವೆ. ಅಲ್ಲಿ ಕೂಲಿಯವನೊಬ್ಬನಿಗೆ ಕರುಳುಬೇನೆ ಎದ್ದರೆ ಅವನನ್ನು ಮೇಲೆ ತರುವಂತಿಲ್ಲ. ವೈದ್ಯನೇ ಒತ್ತಡಕ್ಕೆ ಒಳಗಾಗಿ ಕೆಳಗಿಳಿಯಬೇಕು, ಇಳಿದ ಮೇಲೆ ಅವನೂ ಹನ್ನೊಂದು ದಿನದ ಕೈದಿ. ದಾಳ ಉರುಳಿಸಲು ಇದಕ್ಕಿಂತ ಒಳ್ಳೆಯ ಗಳಿಗೆ ಬೇಕೇ? ನನ್ನ ದೊಡ್ಡ ತಕರಾರು ಬೇರೆ. ಹಟ್ಟಿಯಲ್ಲಿ ಚಿನ್ನವಿದೆ ಎಂದು ಜನ ನೆಲದೊಳಗೆ ಇಳಿದರು. ನಿನ್ನವರು ಇಳಿದದ್ದು ಏಕೆ?

ಮಂಜುನಾಥ: ಸಮುದ್ರತಳದಲ್ಲಿ ಬಿದ್ದಿರುವ ಮ್ಯಾಂಗನೀಸ್ ಗಂಟುಗಳಿಗಾಗಿ (ಲೋಹದ ಅದಿರಿನ ಉಂಡೆಗಳು), ಅಣ್ಣ. ಏಳನೆಯ ಪುಟದಲ್ಲಿದೆ.

ಗೀತಾ: ಆ ಗಂಟುಗಳು ಹಿಂದೂ ಮಹಾಸಾಗರದ ನಡುವೆ 5,000 ಮೀಟರಿಗೂ ಆಳದಲ್ಲಿವೆ. ಭಾರತ ಮೂವರನ್ನು 6,000 ಮೀಟರಿಗೆ ಇಳಿಸಲು ಸಿದ್ಧಪಡಿಸುತ್ತಿರುವ ಮತ್ಸ್ಯ 6000 ಎಂಬ ಮುಳುಗುನೌಕೆಯಲ್ಲಿ ಜನ ಕೂರುವುದೂ ಟೈಟಾನಿಯಂ ಗೋಳದಲ್ಲಿ, ಒಳಗೆ ನಮ್ಮ ಮನೆಯ ಗಾಳಿ. ತೆರೆದ ಸಮುದ್ರದಲ್ಲಿ ಮುಳುಗುಗಾರರು ಒತ್ತಡಕ್ಕೆ ಮೈಯೊಡ್ಡಿ ಕೆಲಸ ಮಾಡಿದ ದಾಖಲೆಯ ಆಳ, 1988ರಲ್ಲಿ ಫ್ರಾನ್ಸಿನ ಮಾರ್ಸೇಲ್ ಬಳಿ, 534 ಮೀಟರ್.

ಮಂಜುನಾಥ: ಹಾಗಾದರೆ ಗಂಟುಗಳನ್ನು ಕೈಬಿಟ್ಟು ತೈಲಬಾವಿಗಳ ದುರಸ್ತಿಯನ್ನು ತರುತ್ತೇನೆ. ಕಟ್ಟಡಗಳು ಎರಡು: ಅಧಿಕಾರಿಗಳಿಗೆ ದಪ್ಪ ಗೋಡೆಯ, ಮನೆಯ ಗಾಳಿಯಿರುವ ಗೋಳ, ಕೂಲಿಯವರಿಗೆ ಕೊಳವಿರುವ, ಹೀಲಿಯಂ ತುಂಬಿದ ಮನೆ. ನಡುವೆ ಹತ್ತು ಮೀಟರ್ ಅಂತರ, ಅಲ್ಲೊಂದು ಒತ್ತಡ ಇಳಿಸುವ ಕೋಣೆ. ಕೂಲಿಯವನು ಅಧಿಕಾರಿಯ ಮೇಜಿನ ಮುಂದೆ ನಿಂತು ಸಂಬಳ ಕೇಳಬೇಕೆಂದರೆ ಹನ್ನೊಂದು ದಿನದ ಪ್ರಯಾಣ.

ಶರಣಬಸವ: ಈಗ ನಾನೂ ಆಡಲು ಬರುತ್ತೇನೆ. ನಡುವಿನ ಕೋಣೆಯ ಒತ್ತಡ ಇಳಿಸುವ ಕವಾಟ ಯಾರ ಕೈಯಲ್ಲಿದೆ ಎಂಬುದನ್ನು ಮೊದಲ ಪುಟದಲ್ಲೇ ಬರೆ.

ವಿರೂಪಾಕ್ಷ: ಅಧಿಕಾರಿಯಾದರೂ ಬೀಡಿ ಹಚ್ಚಬಹುದಷ್ಟೆ?

ಗೀತಾ: ಹಚ್ಚಬಹುದು, ಸರ್. ಆದರೆ ಇಂಗಾಲದ ಡೈಆಕ್ಸೈಡ್ ಹೀರುವ ಸೋಡಾ ಸುಣ್ಣದ ಡಬ್ಬಿಗಳನ್ನು ಅವನ ಪಾತ್ರದ ಹಾಳೆಯಲ್ಲಿ ಎಣಿಸಿಯೇ ಕೊಡಬೇಕು.