ರಾಜಾ ಅಂಪತ್ ಡೈವಿಂಗ್: ವಿಮಾನಗಳನ್ನು ಹೀಗೆ ಜೋಡಿಸಿದ್ದೇನೆ, ಎಲ್ಲಾದರೂ ಎಡವಿದ್ದೇನಾ?

ಕಡಲಹಕ್ಕಿ:

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನಮ್ಮ ಯಜಮಾನರು ಮೂರು ವರ್ಷ ದುಡ್ಡು ಕೂಡಿಟ್ಟು ಇಂಡೋನೇಷ್ಯಾದ ರಾಜಾ ಅಂಪತ್ ದ್ವೀಪಗಳಿಗೆ ಸ್ಕೂಬಾ ಡೈವಿಂಗ್‌ಗೆಂದು ಹೊರಟಿದ್ದೇವೆ. ಇಬ್ಬರದೂ ಸುಮಾರು 40 ಡೈವ್ ಆಗಿದೆ. ಇಷ್ಟು ದೂರದ ಪ್ರಯಾಣ ಇದೇ ಮೊದಲು. ಟಿಕೆಟ್ ಇನ್ನೂ ತೆಗೆದಿಲ್ಲ, ಅದಕ್ಕೇ ಕೇಳ್ತಿದ್ದೇನೆ.

ಹೋಗುವಾಗ: ರಾತ್ರಿ 8.40ಕ್ಕೆ ಜಕಾರ್ತ ತಲುಪ್ತೇವೆ. ಅಲ್ಲಿಂದ 11.50ಕ್ಕೆ ಸೊರೊಂಗ್ (ರಾಜಾ ಅಂಪತ್‌ಗೆ ಹಡಗು ಹೊರಡೋ ಊರು) ವಿಮಾನ, ಬೇರೆ ಕಂಪನಿಯದು, ಬೇರೆ ಟಿಕೆಟ್. ನಾಲ್ಕು ಗಂಟೆ ಹಾರಾಟ, ಸೊರೊಂಗ್ ಗಡಿಯಾರ ಜಕಾರ್ತಕ್ಕಿಂತ ಎರಡು ಗಂಟೆ ಮುಂದೆ, ಹಾಗಾಗಿ ಬೆಳಗ್ಗೆ 5.50ಕ್ಕೆ ಇಳಿಯೋದು. ನಮ್ಮ ಲೈವ್‌ಅಬೋರ್ಡ್ ಹಡಗು (ಅದರಲ್ಲೇ ಉಳಿದು ಡೈವ್ ಮಾಡೋದು) ಅವತ್ತೇ ಮಧ್ಯಾಹ್ನ ಹೊರಡುತ್ತೆ.

ಬರುವಾಗ: ಹಡಗು ಶನಿವಾರ ಬೆಳಗ್ಗೆ 5ಕ್ಕೆ ಸೊರೊಂಗ್ ಬಂದರಿಗೆ ಬರುತ್ತೆ, 9ಕ್ಕೆ ವಿಮಾನ. ಶುಕ್ರವಾರದ ಎರಡನೇ ಡೈವ್ ಮುಗಿಸಿ ಮೇಲೆ ಬರೋದು 11 ಗಂಟೆಗೆ, ಅಂದ್ರೆ 22 ಗಂಟೆ ಅಂತರ ಸಿಗುತ್ತೆ. ಮಧ್ಯಾಹ್ನ ಮೂರನೇ ಡೈವ್ ಕೂಡ ಇದೆ. ಅದನ್ನೂ ಮಾಡಿದರೆ ಮೂರೂವರೆಗೆ ಮೇಲೆ ಬರ್ತೀವಿ, ಅಂತರ ಹದಿನೇಳೂವರೆ ಗಂಟೆ. ಕೊನೇ ಡೈವ್ ಆಗಿ ವಿಮಾನ ಹತ್ತೋಕೆ 18 ಗಂಟೆ ಕಾಯಬೇಕು ಅಂತಾರೆ, ಅರ್ಧ ಗಂಟೆ ತಾನೇ ಕಡಿಮೆ. ಇಷ್ಟು ದೂರ ಹೋಗಿ ಒಂದು ಡೈವ್ ಬಿಡೋಕೆ ಮನಸ್ಸೇ ಬರ್ತಿಲ್ಲ. ಏನು ಮಾಡಲಿ?

ಹವಳದಿಬ್ಬ:

ದಯವಿಟ್ಟು ಆ ಮೂರನೇ ಡೈವ್ ಮಾಡಿ ಶನಿವಾರದ ವಿಮಾನ ಹತ್ತಬೇಡಿ. ಹನ್ನೆರಡು ವರ್ಷದಿಂದ ಡೈವ್ ಮಾಡ್ತಿದ್ದೇನೆ. ಈ ಅರ್ಧ ಗಂಟೆಯ ಲೆಕ್ಕ ಏನು ಮಾಡುತ್ತೆ ಅಂತ ಪಕ್ಕದ ಸೀಟಿನಲ್ಲೇ ಕೂತು ನೋಡಿದ್ದೇನೆ.

ಎರಡನೇ ಪ್ರವಾಸದಲ್ಲಿ ನಮ್ಮ ಹಡಗಿನಲ್ಲಿದ್ದ ಒಬ್ಬರು ಕೊನೇ ಡೈವ್ ಆಗಿ 14 ಗಂಟೆಗೆ ವಿಮಾನ ಹತ್ತಿದರು. ಹೊರಟು ಒಂದು ಗಂಟೆಗೆಲ್ಲ ಎಡ ಮೊಣಕೈ ಉಜ್ಜಿಕೊಳ್ಳೋಕೆ ಶುರು ಮಾಡಿದರು. ಬ್ಯಾಗ್ ಎತ್ತಿದ್ದಕ್ಕೆ ಹಿಡ್ಕೊಂಡಿದೆ ಅಂದರು. ಗಗನಸಖಿ ಐಸ್ ತಂದುಕೊಟ್ಟಳು. ಅವರು ಕೈ ಮಡಚೋದು, ಚಾಚೋದು, ಮತ್ತೆ ಮಡಚೋದು, ಹೇಗಿಟ್ಟರೂ ನೋವು. ಎರಡು ದಿನದ ಮೇಲೆ ಡಿಕಂಪ್ರೆಶನ್ ಚೇಂಬರ್‌ನಲ್ಲಿ, ಅಂದ್ರೆ ಗಾಳಿಯ ಒತ್ತಡ ಏರಿಸಿ ಚಿಕಿತ್ಸೆ ಕೊಡುವ ಕೋಣೆಯಲ್ಲಿ, ಮಲಗಿದ್ದರು. ವಾಸಿಯಾಯ್ತು, ಆದರೆ ಆ ಕೈ ಚಾಚಿ ಮಡಚಿದ್ದು ನನ್ನ ಕಣ್ಣಿಂದ ಹೋಗಿಲ್ಲ.

ಯಾಕೆ ಅಂದ್ರೆ, ವಿಮಾನದೊಳಗೆ ನೆಲಮಟ್ಟದ ಗಾಳಿಯ ಒತ್ತಡ ಇರಲ್ಲ. 8,000 ಅಡಿ ಎತ್ತರದ ಬೆಟ್ಟದ ಮೇಲೆ ಎಷ್ಟು ಒತ್ತಡ ಇರುತ್ತೋ ಅಲ್ಲೀತನಕ ಇಳಿಯಬಹುದು. ಬೋಯಿಂಗ್ 787, ಏರ್‌ಬಸ್ ಎ350 ಥರದ ಹೊಸ ವಿಮಾನಗಳಲ್ಲಿ ಸುಮಾರು 6,000 ಅಡಿಯ ಮಟ್ಟ. ಒಂದು ವಾರ ದಿನಕ್ಕೆ ಮೂರು ಸಲ ಇಳಿದ ಮೈಯಲ್ಲಿ ನೀರಿನಡಿ ಉಸಿರಾಡಿದ ಗಾಳಿಯ ಸಾರಜನಕ ಇನ್ನೂ ಉಳಿದಿರುತ್ತೆ, ಹೊರಗಿನ ಒತ್ತಡ ತಗ್ಗಿದಾಗ ಅದು ಗುಳ್ಳೆಯಾಗಿ ಇಂಥ ನೋವು ತರಬಹುದು. ಡೈವರ್‌ಗಳ ಸುರಕ್ಷತೆ ನೋಡುವ ಸಂಸ್ಥೆ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಹೇಳೋದು ಹೀಗೆ: ಒಂದೇ ಒಂದು ಸಾಮಾನ್ಯ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹಲವು ದಿನ ಹಲವು ಡೈವ್ ಆಗಿದ್ದರೆ ಕನಿಷ್ಠ 18 ಗಂಟೆ, ಡಿಕಂಪ್ರೆಶನ್ ಸ್ಟಾಪ್ (ಮೇಲೆ ಬರುವಾಗ ನಡುವೆ ಕಡ್ಡಾಯವಾಗಿ ನಿಲ್ಲೋದು) ಬೇಕಾದ ಡೈವ್ ಆಗಿದ್ದರೆ ಅದಕ್ಕಿಂತ ಸಾಕಷ್ಟು ಹೆಚ್ಚು. ಇಷ್ಟು ಕಾದರೂ ಅಪಾಯ ಪೂರ್ತಿ ಹೋಗಲ್ಲ, ಕಡಿಮೆಯಾಗುತ್ತೆ ಅಷ್ಟೇ. ನಾನು 24ಕ್ಕಿಂತ ಕಡಿಮೆಗೆ ಹತ್ತಲ್ಲ.

ನಾನಾಗಿದ್ದರೆ ಟಿಕೆಟ್ ಭಾನುವಾರಕ್ಕೆ ತೆಗೀತಿದ್ದೆ. ಆಗ ಮೂರನೇ ಡೈವ್ ನಿಶ್ಚಿಂತೆಯಿಂದ ಮಾಡಬಹುದು, 40 ಗಂಟೆಗೂ ಮೇಲೆ ಅಂತರ ಸಿಗುತ್ತೆ. ಶನಿವಾರ ಬಿಸಿಡಿ (ತೇಲೋಕೆ ಗಾಳಿ ತುಂಬುವ ಜಾಕೆಟ್), ವೆಟ್‌ಸೂಟ್ ಎಲ್ಲ ಸಿಹಿನೀರಲ್ಲಿ ತೊಳೆದು ಒಣಗಿಸಿ. ಒದ್ದೆ ವೆಟ್‌ಸೂಟ್ ಒಳಗೆ ತುರುಕಿದ ಬ್ಯಾಗು ಹೋಗುವಾಗ ಇದ್ದದ್ದಕ್ಕಿಂತ ಭಾರ ತೂಗುತ್ತೆ, ಕೌಂಟರ್‌ನಲ್ಲಿ ಅದಕ್ಕೆ ದುಡ್ಡು ಕಟ್ಟಬೇಕಾಗುತ್ತೆ.

ಇನ್ನು ಹೋಗುವ ದಾರಿ. ನಿಜ ಹೇಳಬೇಕಂದ್ರೆ ನನಗೆ ಅದೇ ಹೆಚ್ಚು ಭಯ. ಎರಡು ಬೇರೆ ಬೇರೆ ಟಿಕೆಟ್ ಇದ್ದಾಗ ಮೊದಲನೇದು ತಡವಾಗಿ ಎರಡನೇದು ತಪ್ಪಿದರೆ, ಎರಡನೇ ಕಂಪನಿಗೆ ನಿಮ್ಮ ಹೊಣೆ ಇರಲ್ಲ. ಮೂರು ಗಂಟೆ ಹತ್ತು ನಿಮಿಷದಲ್ಲಿ ಇಮಿಗ್ರೇಶನ್ ಸಾಲು, ಬ್ಯಾಗ್ ಬರೋದು, ಕಸ್ಟಮ್ಸ್, ಟರ್ಮಿನಲ್ ಬದಲಾಗಿದ್ದರೆ ಅಲ್ಲಿಗೆ ಓಟ, ಮತ್ತೆ ಚೆಕ್‌ಇನ್ ಆಗಬೇಕು. ಮೊದಲ ವಿಮಾನ ಒಂದು ಗಂಟೆ ತಡವಾದರೂ ಹಡಗು ಕೈತಪ್ಪುತ್ತೆ. ಎರಡೂ ವಿಮಾನ ಒಂದೇ ಪಿಎನ್‌ಆರ್‌ನಲ್ಲಿ, ಅಂದ್ರೆ ಒಂದೇ ಟಿಕೆಟ್‌ನಲ್ಲಿ ಸಿಕ್ಕಿದರೆ ಅದನ್ನೇ ತಗೊಳ್ಳಿ, ಸ್ವಲ್ಪ ಹೆಚ್ಚಾದರೂ ಸರಿ. ಸಿಗದಿದ್ದರೆ ಜಕಾರ್ತದಲ್ಲಿ ಒಂದು ರಾತ್ರಿ ತಂಗಿ. ಹೇಗೇ ಹೋದರೂ ಹಡಗು ಹೊರಡುವ ಹಿಂದಿನ ದಿನವೇ ಸೊರೊಂಗ್‌ನಲ್ಲಿರಿ.

ಹೀಗೆ ಒತ್ತಿ ಹೇಳೋಕೆ ಕಾರಣ ಇದೆ. ನನ್ನ ಬ್ಯಾಗ್ ಒಮ್ಮೆ ಹಿಂದುಳೀತು. ಮಾರನೇ ದಿನ ಅದು ಸೊರೊಂಗ್‌ಗೆ ಬಂತಂತೆ, ಆದರೆ ನಾವಾಗಲೇ ಮಿಸೂಲ್ ದ್ವೀಪದ ಕಡೆ ಸಮುದ್ರದ ಮಧ್ಯೆ. ರೆಸಾರ್ಟ್ ಆಗಿದ್ದರೆ ಮುಂದಿನ ದೋಣಿಗೆ ಹಾಕಿ ಕಳಿಸ್ತಿದ್ದರು, ಹಡಗಿನ ಹಿಂದೆ ಬ್ಯಾಗ್ ತರೋರು ಯಾರು? ಏಳು ದಿನ ಎರವಲು ಮಾಸ್ಕ್, ಪ್ರತಿ ಡೈವ್‌ನಲ್ಲೂ ಮೂಗಿನ ಹತ್ತಿರ ಸಣ್ಣಗೆ ನೀರು. ಮಾಂಟಾ ಮೀನು ತಲೆ ಮೇಲೆ ತೇಲಿ ಹೋಗ್ತಿದ್ದಾಗ ನಾನು ಮಾಸ್ಕ್ ನೀರು ಊದಿ ತೆಗೀತಿದ್ದೆ.

ಉಪ್ಪುನೀರು:

ಮೇಲಿನವರ ಮಾತಿಗೆ ನನ್ನ ಸಹಮತ. ಲಗೇಜಿನ ಬಗ್ಗೆ ಸ್ವಲ್ಪ ಸೇರಿಸ್ತೀನಿ. ಮಾಸ್ಕ್, ರೆಗ್ಯುಲೇಟರ್ (ಸಿಲಿಂಡರಿನ ಗಾಳಿ ಬಾಯಿಗೆ ಕೊಡೋದು), ಡೈವ್ ಕಂಪ್ಯೂಟರ್, ಒಂದು ಜೊತೆ ಈಜುಡುಗೆ ಕೈಬ್ಯಾಗಿನಲ್ಲೇ ಇರಲಿ. ಚಾಕು ಮಾತ್ರ ಚೆಕ್‌ಇನ್ ಬ್ಯಾಗಿಗೆ. ಬಿಡಿ ಲಿಥಿಯಂ ಬ್ಯಾಟರಿಗಳು ಕಡ್ಡಾಯವಾಗಿ ಕೈಬ್ಯಾಗಿಗೆ, ತುದಿಗಳು ಒಂದಕ್ಕೊಂದು ತಾಗದ ಹಾಗೆ. 100 ವ್ಯಾಟ್-ಅವರ್‌ವರೆಗೆ ಅನುಮತಿ ಬೇಡ, 100ರಿಂದ 160ರ ನಡುವಿನವು ವಿಮಾನ ಕಂಪನಿ ಒಪ್ಪಿದರೆ ಎರಡು. ವೋಲ್ಟ್ ಇಂಟು ಆಂಪಿಯರ್-ಅವರ್ ಮಾಡಿ ನೋಡಿ. ಟಾರ್ಚಿಗೆ ಹಾಕುವ ಸಾಮಾನ್ಯ 18650 ಬ್ಯಾಟರಿ, 3.6 ವೋಲ್ಟ್, 3.4 ಆಂಪಿಯರ್-ಅವರ್, 12ರ ಆಸುಪಾಸು ಬರುತ್ತೆ, ಚಿಂತೆಯಿಲ್ಲ. ಟಾರ್ಚಿನಿಂದ ಬ್ಯಾಟರಿ ತೆಗೆದೇ ಇಡಿ. ಡೈವ್ ಟಾರ್ಚು ತಣ್ಣಗಿರೋದು ಸುತ್ತಲ ನೀರಿನಿಂದ, ಬ್ಯಾಗೊಳಗೆ ತಾನಾಗಿ ಹೊತ್ತಿಕೊಂಡರೆ ಬಟ್ಟೆ ಸುಡುವಷ್ಟು ಕಾಯುತ್ತೆ.

ಇನ್ನೊಂದು: ಅಂತರರಾಷ್ಟ್ರೀಯ ಟಿಕೆಟ್ಟಿನ ಲಗೇಜ್ ಮಿತಿ ನೋಡಿ ಪ್ಯಾಕ್ ಮಾಡಬೇಡಿ. ಕೊನೆಯ ದೇಶೀಯ ಹಾರಾಟದ ಮಿತಿಯೇ ನಿಮ್ಮ ಮಿತಿ.

ಆಳದಂಗಳ:

ಬೇರೆ ಜಾಗಕ್ಕೆ ಯೋಚಿಸ್ತಿರೋರಿಗೆ ಎರಡು ಮಾತು. ಈಕ್ವೆಡಾರ್‌ನ ಗಲಾಪಗೋಸ್ ದ್ವೀಪಗಳಿಂದ ವಾಪಸ್ ಬರುವಾಗ ಆ ದೇಶದ ರಾಜಧಾನಿ ಕೀಟೊದಲ್ಲಿ ಇಳಿದರೆ ಆ ಊರೇ 2,850 ಮೀಟರ್ ಎತ್ತರದಲ್ಲಿದೆ, ವಿಮಾನ ಇಳಿದ ಮೇಲೂ ನೀವು ಎತ್ತರದಲ್ಲೇ ಇರ್ತೀರಿ. ಅದೇ ದೇಶದ ಗ್ವಾಯಾಕಿಲ್ ಸಮುದ್ರಮಟ್ಟದ ಊರು, ನಾನು ಅಲ್ಲಿಂದಲೇ ಬಂದೆ. ಮಾಲ್ಡೀವ್ಸ್‌ನಲ್ಲಿ ದೂರದ ದ್ವೀಪಗಳಿಗೆ ಹೋಗೋ ಸೀಪ್ಲೇನ್ (ನೀರಿನ ಮೇಲೆ ಇಳಿಯೋ ಪುಟ್ಟ ವಿಮಾನ) ಹಾರೋದು ಹಗಲಲ್ಲಿ ಮಾತ್ರ, ಸಂಜೆ ರಾಜಧಾನಿ ಮಾಲೆಯಲ್ಲಿ ಇಳಿಸುವ ವಿಮಾನ ಅಗ್ಗ ಅಂತ ತಗೊಂಡರೆ ಒಂದು ರಾತ್ರಿಯ ಕೋಣೆ ಖರ್ಚು ಸೇರುತ್ತೆ.

ಕಡಲಹಕ್ಕಿ:

ತುಂಬಾ ಥ್ಯಾಂಕ್ಸ್. ಆ ಮೊಣಕೈ ಕಥೆ ಓದಿ ಯಜಮಾನರು ತಾವೇ ಇನ್ನೆರಡು ದಿನ ರಜೆ ಹಾಕಿದ್ದಾರೆ. ಒಂದು ದಿನ ಮುಂಚೆ ಹೊರಡ್ತೇವೆ, ಒಂದು ರಾತ್ರಿ ಜಕಾರ್ತ, ವಾಪಸ್ ಭಾನುವಾರ.

ಇನ್ನೆರಡು ಪ್ರಶ್ನೆ. ನನಗೆ ವಿಮಾನ ಇಳಿಯುವಾಗ ಕಿವಿ ಕಟ್ಟುತ್ತೆ, ಮೂಗು ಬಿಡಿಸೋ ಮಾತ್ರೆ ತಗೊಂಡು ಮಾರನೇ ದಿನ ಡೈವ್ ಮಾಡಬಹುದಾ? ಶುಕ್ರವಾರ ಡೈವ್‌ಗಳ ನಡುವೆ ಪಿಯಾನೆಮೊ ದ್ವೀಪದ ಮೆಟ್ಟಿಲು ಹತ್ತಿಸ್ತಾರಂತೆ, ಅದೂ ಎತ್ತರ ಅಲ್ವಾ?

ಹವಳದಿಬ್ಬ:

ಎರಡು ದಿನ ಸಿಕ್ಕಿತಲ್ಲ, ನನಗೇ ಖುಷಿಯಾಯ್ತು.

ಮಾತ್ರೆ ನಂಬಿ ಇಳಿಯಬೇಡಿ. ನೀರಿನಡಿ ಅದರ ಪ್ರಭಾವ ಇಳಿದರೆ ಮೇಲೆ ಬರುವಾಗ ಕಿವಿಯೊಳಗಿನ ಗಾಳಿ ಹೊರಬರಲಾರದೆ ಸಿಕ್ಕಿಕೊಳ್ಳುತ್ತೆ. ವಿಮಾನ ಕೆಳಗಿಳಿಯೋಕೆ ಶುರುವಾದ ಕೂಡಲೇ, ನೋವು ಬರುವ ಮೊದಲೇ ಮೆಲ್ಲಗೆ ಈಕ್ವಲೈಸ್ (ಕಿವಿಯ ಒಳಹೊರಗಿನ ಒತ್ತಡ ಸಮ) ಮಾಡ್ತಾ ಬನ್ನಿ, ಆ ಹೊತ್ತಲ್ಲಿ ನಿದ್ದೆ ಬೇಡ. ಮಾರನೇ ದಿನವೂ ಕಿವಿ ಬಿಡದಿದ್ದರೆ ಮೊದಲ ಡೈವ್ ಬಿಡಿ, ಹಿಂದೆಯೂ ಹೀಗಾಗಿದ್ದರೆ ಹೊರಡುವ ಮುನ್ನ ಇಎನ್‌ಟಿ ಡಾಕ್ಟರಿಗೆ ತೋರಿಸಿ. ವಿಮಾನದ ಗಾಳಿ ತೀರಾ ಒಣ, ನೀರು ಕುಡೀತಾ ಇರಿ, ಎದ್ದು ಓಡಾಡೋಕೆ ಆಗುವಂತೆ ನಡುದಾರಿ ಪಕ್ಕದ ಆಯ್ಲ್ ಸೀಟ್ ಹಿಡೀರಿ.

ಪಿಯಾನೆಮೊ ಗುಡ್ಡ ಸಣ್ಣದು, ಆ ಎತ್ತರಕ್ಕೆ ಒತ್ತಡದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲ್ಲ. ಆದರೆ ಡೈವ್ ಆದ ಕೂಡಲೇ ಏದುಸಿರು ಬರುವ ಹಾಗೆ ಹತ್ತೋದು ಒಳ್ಳೇದಲ್ಲ. ಮೆಟ್ಟಿಲು ಮರದ್ದು, ಮಳೆ ಬಂದಿದ್ದರೆ ಜಾರುತ್ತೆ. ಎಲ್ಲರನ್ನೂ ಮುಂದೆ ಬಿಟ್ಟು ನಿಂತು ನಿಂತು ಹತ್ತಿ. ಮೇಲೆ ತಲುಪಿದಾಗ ಹಸಿರು ನೀರಲ್ಲಿ ಹರಡಿರೋ ಆ ಸುಣ್ಣಕಲ್ಲಿನ ದಿಬ್ಬಗಳು ಕಾಣ್ತವೆ, ಅಲ್ಲಿ ಒಂದರ್ಧ ಗಂಟೆ ಸುಮ್ಮನೆ ಕೂತು ಬನ್ನಿ.