ಬೀದರಿನ ಚಳಿಗೆ ಹಿತ್ತಲ ಕೊಳದಲ್ಲಿ ಏನನ್ನು ಬಿಡಬಹುದು?

ಹಿತ್ತಲಗಿಡ, ಬೀದರ್

ನಮಸ್ಕಾರ. ಹಿತ್ತಲಲ್ಲಿ ಎಂಟು ಅಡಿ ಉದ್ದ, ಆರು ಅಡಿ ಅಗಲದ ಸಿಮೆಂಟಿನ ಕೊಳ ಕಟ್ಟಿಸಿದ್ದೇವೆ. ಆಳ ಎರಡೂವರೆ ಅಡಿ. ಗಿಲಾವು ಈಗಷ್ಟೇ ಮುಗಿದಿದೆ. ಜನವರಿಯ ರಾತ್ರಿಗಳಲ್ಲಿ ಇಲ್ಲಿ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯುವುದುಂಟು, ಮೇ ತಿಂಗಳಲ್ಲಿ 40 ದಾಟುತ್ತದೆ. ಅಂಗಡಿಯವರು ಗಪ್ಪಿ, ಗೋಲ್ಡ್‌ಫಿಶ್ ಒಯ್ಯಿರಿ ಎನ್ನುತ್ತಾರೆ. ಮಕ್ಕಳಿಗೆ ಆಮೆ ಬೇಕಂತೆ. ನನಗೆ ಕಪ್ಪೆ, ಹಕ್ಕಿ ಬಂದುಹೋಗುವ ಕೊಳ ಬೇಕು, ಸೊಳ್ಳೆ ಮಾತ್ರ ಆಗಬಾರದು. ಏನನ್ನು ತರಲಿ?

ಸೇಡಂ ರಸ್ತೆ, ಕಲಬುರಗಿ

ಗಂಬೂಸಿಯಾ ಮೀನು ಬಿಡಿ. ಸೊಳ್ಳೆ ತಡೆಯಲು ಆರೋಗ್ಯ ಇಲಾಖೆಯವರೂ ಅದನ್ನೇ ಬಿಡಿಸುತ್ತಾರೆ. ಚಳಿ, ಬಿಸಿಲು ಎರಡನ್ನೂ ತಾಳಿಕೊಳ್ಳುತ್ತದೆ.

ಕೆರೆದಂಡೆ, ಹುಮನಾಬಾದ್

ಅಕ್ಕಾ, ಯಾವ ಜೀವಿಯನ್ನೂ ತರಬೇಡಿ. ಕೊಳವನ್ನು ಸರಿಮಾಡಿ, ಬರಬೇಕಾದವು ತಾವಾಗಿಯೇ ಬರುತ್ತವೆ.

ಹೊಸ ಸಿಮೆಂಟಿನ ಸುಣ್ಣ ನೀರಿಗೆ ಬಿಟ್ಟುಕೊಳ್ಳುತ್ತದೆ, ಅದರಿಂದ ಮೀನಿನ ಕಿವಿರಿಗೆ ಪೆಟ್ಟು. ತುಂಬಿಸಿ, ಕೆಲವು ದಿನ ಬಿಟ್ಟು ಖಾಲಿ ಮಾಡಿ. ಮೂರು ನಾಲ್ಕು ಸಲವಾದರೂ ಹೀಗೆ ಮಾಡಬೇಕು.

ಗಂಬೂಸಿಯಾ ಅಮೆರಿಕ ಮೂಲದ ಮೀನು. ಮುಚ್ಚಿದ ತೊಟ್ಟಿಯ ಮಾತು ಬೇರೆ. ನಿಮ್ಮ ಕೊಳದಲ್ಲಿ ಅದು ಸೊಳ್ಳೆಮರಿಯ ಜೊತೆಗೆ ಗೊದಮೊಟ್ಟೆಗಳನ್ನೂ ಮುಗಿಸುತ್ತದೆ. ಮಳೆಯಲ್ಲಿ ಕೊಳ ತುಂಬಿ ಹರಿದು ಹಳ್ಳ ಸೇರಿದರೆ ನಮ್ಮ ಸಣ್ಣ ಮೀನುಗಳಿಗೂ ಕುತ್ತು. ಗಪ್ಪಿ ಬಿಸಿನಾಡಿನದು, ನಿಮ್ಮ ಜನವರಿಯನ್ನು ದಾಟುವುದು ಕಷ್ಟ. ಗೋಲ್ಡ್‌ಫಿಶ್ ಚಳಿಗೆ ಜಗ್ಗುವುದಿಲ್ಲ, ಆದರೆ ನೀರು ಕಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆಯಾಗುವುದರಿಂದ ಮೇ ತಿಂಗಳಲ್ಲಿ ಮೇಲೆ ಬಂದು ಬಾಯಿಬಾಯಿ ಬಿಡುತ್ತದೆ. ಕಪ್ಪೆಯ ಮೊಟ್ಟೆಯನ್ನೂ ತಿನ್ನುತ್ತದೆ. ಇನ್ನು ನಮ್ಮ ಕೆರೆಯ ಆಮೆಯನ್ನು ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಮಕ್ಕಳಿಗೆ ಇದನ್ನು ಬಿಡಿಸಿ ಹೇಳಿ.

ಸೊಳ್ಳೆಗೆ ನಿಜವಾದ ಶತ್ರು ಹೆಲಿಕಾಪ್ಟರ್ ಹುಳು. ಅದರ ಮರಿ ನೀರಿನಡಿಯ ಕೆಸರಿನಲ್ಲಿ ಅಲುಗದೆ ಕುಳಿತಿರುತ್ತದೆ. ಕೆಳದವಡೆ ತಲೆಯಡಿ ಮಡಚಿಕೊಂಡಿರುತ್ತದೆ. ಸೊಳ್ಳೆಮರಿ ಹತ್ತಿರ ಸುಳಿದರೆ ಅದು ಚಿಮ್ಮಿ ಮುಂದೆ ಬಂದು ಹಿಡಿದು ಒಳಕ್ಕೆ ಎಳೆಯುತ್ತದೆ. ಬೆಳೆದ ಮೇಲೆ ಜೊಂಡಿನ ಕಡ್ಡಿ ಹತ್ತಿ, ಬೆನ್ನು ಸೀಳಿಕೊಂಡು ರೆಕ್ಕೆಯೊಂದಿಗೆ ಹೊರಬರುತ್ತದೆ. ಒಣಗಿದ ಪೊರೆ ಕಡ್ಡಿಗೇ ಕಚ್ಚಿಕೊಂಡಿರುತ್ತದೆ, ಮಕ್ಕಳಿಗೆ ತೋರಿಸಿ. ಹತ್ತಲು ಕಡ್ಡಿ ಬೇಕು, ಆದ್ದರಿಂದ ಅಂಚಿಗೆ ಜೊಂಡು ನೆಡಿ. ನಡುವೆ ಮಣ್ಣಿನ ಕುಂಡದಲ್ಲಿ ನೈದಿಲೆ ಇಟ್ಟರೆ ಬೇಸಿಗೆಯಲ್ಲಿ ನೀರಿಗೆ ನೆರಳಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು, ಒಂದು ಬದಿಗೆ ಕಲ್ಲು ಪೇರಿಸಿ ಇಳಿಜಾರು ಮಾಡಿ. ನೇರ ಗೋಡೆಯ ಕೊಳಕ್ಕೆ ಬಿದ್ದ ಅಳಿಲು, ಓತಿಕ್ಯಾತ ಹತ್ತಲಾಗದೆ ಸಾಯುತ್ತವೆ. ಹಕ್ಕಿ ನೀರು ಕುಡಿಯುವುದೂ ಅಲ್ಲಿಯೇ. ಮೃಗಶಿರಾ ಮಳೆ ಬಿದ್ದಾಗ ಗೂಳಿಗಪ್ಪೆ ಬಂದರೆ ನಿಮ್ಮ ಭಾಗ್ಯ: ಗಂಡು ನಿಂಬೆಹಳದಿ ಬಣ್ಣಕ್ಕೆ ತಿರುಗಿ, ಗಂಟಲಿನ ಎರಡೂ ಬದಿಗೆ ನೀಲಿ ಚೀಲ ಉಬ್ಬಿಸಿ ಕೂಗುತ್ತದೆ. ಸಣ್ಣ ಕಪ್ಪೆಗಳನ್ನು ಅದು ನುಂಗುತ್ತದೆ, ಓಡಿಸಬೇಡಿ.

ಭೀಮಾ ದಂಡೆ, ಯಾದಗಿರಿ

ನೇರಳೆ ಹೂವಿನ ತೇಲುವ ಜಲಕಳೆಯನ್ನು ಯಾರಾದರೂ ಕೊಟ್ಟರೆ ತೆಗೆದುಕೊಳ್ಳಬೇಡಿ, ನೀರನ್ನೆಲ್ಲ ಮುಚ್ಚಿಬಿಡುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಕೊಳಕ್ಕೆ ಕಬ್ಬಿಣದ ಜಾಲರಿ ಹಾಕಿಸಲೇಬೇಕು.

ಹಿತ್ತಲಗಿಡ, ಬೀದರ್

ಧನ್ಯವಾದ ತಮ್ಮಾ. ನಾಳೆಯೇ ಕಲ್ಲು ತರಿಸುತ್ತೇನೆ. ಹೆಲಿಕಾಪ್ಟರ್ ಹುಳು ಬರುವ ತನಕ ಸೊಳ್ಳೆಗೆ ಏನು ಮಾಡಲಿ?

ಕೆರೆದಂಡೆ, ಹುಮನಾಬಾದ್

ಬಿಟಿಐ ಎಂಬ ಬ್ಯಾಕ್ಟೀರಿಯಾದ ಪುಡಿ ಸಿಗುತ್ತದೆ. ಸೊಳ್ಳೆ ಮತ್ತು ಅದರ ಹತ್ತಿರದ ನೊಣಜಾತಿಯ ಮರಿಗಳನ್ನಷ್ಟೇ ಕೊಲ್ಲುತ್ತದೆ, ಅಳತೆಯಂತೆ ಹಾಕಿದರೆ ಗೊದಮೊಟ್ಟೆಗೆ ತೊಂದರೆಯಿಲ್ಲ. ಪೊಟ್ಟಣದ ಮೇಲಿನ ಪ್ರಮಾಣ ನೋಡಿ ಹಾಕಿ. ಸೀಮೆಎಣ್ಣೆ ಸುರಿಯಿರಿ ಎಂದು ಯಾರು ಹೇಳಿದರೂ ಕೇಳಬೇಡಿ.