ಲೇಸರ್‌ಗೆ ಮುಂಚಿನ ಕಣ್ಣಿನ ತಪಾಸಣೆ: ಲೆನ್ಸ್ ಎಷ್ಟು ದಿನ ಬಿಡಬೇಕು?

ಪ್ರಶ್ನೆ

ಲೇಸಿಕ್ (ಲೇಸರ್‌ನಿಂದ ಕನ್ನಡಕದ ಪವರ್ ತೆಗೆಯುವ ಶಸ್ತ್ರಚಿಕಿತ್ಸೆ) ಮಾಡಿಸಬಹುದೋ ಇಲ್ಲವೋ ನೋಡಲು ಇನ್ನು ಹತ್ತು ದಿನಕ್ಕೆ ತಪಾಸಣೆ ಇದೆ. ಎರಡೂ ಕಣ್ಣಿಗೆ ಮೈನಸ್ 5.5, ಜೊತೆಗೆ ಸಿಲಿಂಡರ್ (ಕಣ್ಣಿನ ವಕ್ರತೆ ಎಲ್ಲ ದಿಕ್ಕಿಗೂ ಒಂದೇ ಸಮ ಇಲ್ಲದ ದೋಷ). ದಿನವೂ ಟೋರಿಕ್ (ಸಿಲಿಂಡರನ್ನೂ ಸರಿಪಡಿಸುವ) ಸಾಫ್ಟ್ ಲೆನ್ಸ್ ಹಾಕುತ್ತೇನೆ. ಹಿಂದಿನ ರಾತ್ರಿ ತೆಗೆದಿಟ್ಟರೆ ಸಾಲದೇ? ಅಲ್ಲಿ ಏನೇನು ನೋಡುತ್ತಾರೆ, ಏನು ತಗೊಂಡು ಹೋಗಬೇಕು?

ಉತ್ತರ 1

ಸಾಲದು. ಲೆನ್ಸ್ ಕೂತು ಕೂತು ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಪದರದ) ಆಕಾರವನ್ನೇ ಕೊಂಚ ಬದಲಿಸಿರುತ್ತದೆ, ತೆಗೆದ ಕೂಡಲೇ ಅದು ಮೊದಲಿನಂತಾಗುವುದಿಲ್ಲ. ಆ ಸ್ಥಿತಿಯಲ್ಲಿ ಟೋಪೋಗ್ರಫಿ (ಕಾರ್ನಿಯಾದ ಉಬ್ಬು-ತಗ್ಗಿನ ನಕ್ಷೆ ತೆಗೆಯುವ ಸ್ಕ್ಯಾನ್) ಮಾಡಿದರೆ ಸಿಲಿಂಡರ್ ಮತ್ತು ಅದರ ದಿಕ್ಕು ಹೇಳುವ ಆಕ್ಸಿಸ್ ತಪ್ಪಾಗಿ ಬರಬಹುದು. ಲೇಸರ್‌ಗೆ ಅದೆಲ್ಲ ಗೊತ್ತಾಗುವುದಿಲ್ಲ, ಕೊಟ್ಟ ಅಂಕಿಯನ್ನೇ ಕೆತ್ತುತ್ತದೆ. ಇನ್ನೊಂದು ಕಾಟವೂ ಇದೆ: ನಕ್ಷೆಯ ಕೆಳಭಾಗ ಉಬ್ಬಿದಂತೆ ಕಂಡು, ಇಲ್ಲದ ಕೆರಟೋಕೋನಸ್ (ಕಾರ್ನಿಯಾ ತೆಳುವಾಗಿ ಮುಂದಕ್ಕೆ ಉಬ್ಬುವ ರೋಗ) ಇದೆಯೇನೋ ಅನ್ನಿಸಿಬಿಡುತ್ತದೆ.

ಸಾದಾ ಸಾಫ್ಟ್ ಲೆನ್ಸ್ ಆದರೆ 1ರಿಂದ 2 ವಾರ, ಟೋರಿಕ್‌ಗೆ 2 ವಾರ, ಗಟ್ಟಿ ಲೆನ್ಸ್‌ಗೆ ಕಡಿಮೆಯೆಂದರೂ 3–4 ವಾರ ಬಿಡಿಸುವುದು ವಾಡಿಕೆ. ಆಸ್ಪತ್ರೆಯವರು ಇದಕ್ಕಿಂತ ಹೆಚ್ಚು ಹೇಳಿದರೆ ಅದನ್ನೇ ಪಾಲಿಸಿ. ವರ್ಷಗಟ್ಟಲೆ ಗಟ್ಟಿ ಲೆನ್ಸ್ ಹಾಕಿದವರಿಗೆ ಕೆಲವು ದಿನ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿ, ಎರಡು ಸಲದ ಅಂಕಿ ಹೊಂದಿದ ಮೇಲೆಯೇ ಮುಂದಿನ ಮಾತು. ನಡುವೆ ‘ನಾಲ್ಕೇ ಗಂಟೆ’ ಅಂತ ಹಾಕಿಕೊಂಡರೂ ಎಣಿಕೆ ಮತ್ತೆ ಒಂದರಿಂದ. ನಿಮಗಿರುವುದು ಹತ್ತೇ ದಿನ, ಹಾಗಾಗಿ ಫೋನ್ ಮಾಡಿ ತಾರೀಖು ಮುಂದಕ್ಕೆ ಹಾಕಿಸಿ.

ಉತ್ತರ 2

ಲೆನ್ಸ್ ವಿಷಯ ಮೇಲೆ ಬಂದಿದೆ. ನಿಮ್ಮ ಪವರ್‌ಗೆ ನಿಜವಾಗಿ ತೀರ್ಮಾನ ಮಾಡುವುದು ಕಾರ್ನಿಯಾದ ದಪ್ಪ. ಸರಾಸರಿ ಸುಮಾರು 540 ಮೈಕ್ರಾನ್ (ಮಿಲಿಮೀಟರ್‌ನ ಸಾವಿರದ ಒಂದು ಪಾಲು) ಇರುತ್ತದೆ. ಫ್ಲಾಪ್‌ಗೆ (ಲೇಸಿಕ್‌ನಲ್ಲಿ ಕತ್ತರಿಸಿ ಮೇಲೆತ್ತುವ ತೆಳು ಪದರಕ್ಕೆ) 110 ಹೋಯಿತು ಅಂದುಕೊಳ್ಳಿ. 6.5 ಮಿ.ಮೀ. ಅಗಲಕ್ಕೆ ಲೇಸರ್ ಹಾಯಿಸಿದರೆ ಒಂದು ಡಯಾಪ್ಟರ್‌ಗೆ (ಪವರ್‌ನ ಒಂದು ಅಂಕಕ್ಕೆ) ಸುಮಾರು 14 ಮೈಕ್ರಾನ್ ಕರಗುತ್ತದೆ, 5.5ಕ್ಕೆ 77. ಉಳಿದದ್ದು 353, ನಿಶ್ಚಿಂತೆ (ಸಿಲಿಂಡರ್‌ಗೆ ಇನ್ನಷ್ಟು ಹೋಗುತ್ತದೆ, ಆದರೂ). ಅದೇ 490 ದಪ್ಪದ ಕಣ್ಣಿಗೆ ಮೈನಸ್ 8 ಇದ್ದರೆ ಉಳಿಯುವುದು 268. ಕನಿಷ್ಠ 250 ಉಳಿಯಬೇಕೆಂಬ ಗೆರೆ ದಾಟಿದೆ ನಿಜ, ಆದರೆ ಒಟ್ಟು ದಪ್ಪದ ಶೇ. 45 ಹೋಗಿರುತ್ತದೆ. ಶೇ. 40 ಮುಟ್ಟಿತೆಂದರೆ ಮುಂದೆ ಕಾರ್ನಿಯಾ ಉಬ್ಬುವ ಭಯ, ಅದಕ್ಕೇ ಅಂಥವರಿಗೆ ಫ್ಲಾಪ್ ಇಲ್ಲದೆ ಮೇಲ್ಮೈಗೇ ಲೇಸರ್ ಹಾಯಿಸುವ ಪಿಆರ್‌ಕೆ ಅಥವಾ ಕಣ್ಣೊಳಗೆ ಕೂರಿಸುವ ಲೆನ್ಸ್ ಸೂಚಿಸುತ್ತಾರೆ. ‘ದಪ್ಪ ಸಾಕಷ್ಟಿದೆ’ ಅನ್ನುವ ಮಾತಿಗೆ ತೃಪ್ತರಾಗಬೇಡಿ, ಉಳಿಯುವ ಅಂಕಿ ಕೇಳಿ.

ಒಣಗಣ್ಣಿನ ಪರೀಕ್ಷೆಯನ್ನು ಹಗುರಾಗಿ ನೋಡಬೇಡಿ, ಲೇಸಿಕ್ ಆದಮೇಲೆ ಕೆಲವು ತಿಂಗಳು ಕಣ್ಣು ಹೆಚ್ಚು ಒಣಗುತ್ತದೆ. ಕೆಳರೆಪ್ಪೆಯ ಹೊರತುದಿಯ ಕಡೆ ಸಣ್ಣ ಕಾಗದದ ಪಟ್ಟಿ ಸಿಕ್ಕಿಸಿ 5 ನಿಮಿಷ ಬಿಡುತ್ತಾರೆ. ಮರವಿಕೆ ಹನಿ ಹಾಕದೆ 10 ಮಿ.ಮೀ. ಮೀರಿ ಒದ್ದೆಯಾದರೆ ಸರಿ, 5ಕ್ಕಿಂತ ಕಡಿಮೆಯಾದರೆ ಮೊದಲು ಅದಕ್ಕೆ ಚಿಕಿತ್ಸೆ. ಇನ್ನೊಂದು ಪರೀಕ್ಷೆಗೆ ಕಿತ್ತಳೆ ಬಣ್ಣದ ಹನಿ ಹಾಕಿ, ರೆಪ್ಪೆ ಬಡಿಯದೆ ನೋಡಿ ಅನ್ನುತ್ತಾರೆ. ನೀಲಿ ಬೆಳಕಲ್ಲಿ ಕಣ್ಣೀರಿನ ಪದರ ಹರಿದು ಕಪ್ಪು ಚುಕ್ಕೆ ಮೂಡುವವರೆಗೆ ಸೆಕೆಂಡ್ ಎಣಿಸುತ್ತಾರೆ, 10ರೊಳಗೆ ಹರಿದರೆ ಅನುಮಾನ. ಇವೆಲ್ಲ ಮತ್ತು ಸ್ಕ್ಯಾನ್, ಬೇರೆ ಹನಿ ಹಾಕುವ ಮುಂಚೆ ಆಗಬೇಕು. ಮನೆಯಿಂದ ಹೊರಡುವಾಗ ಕಣ್ಣೀರಿನ ಹನಿ ಹಾಕಿಕೊಂಡು ಬಂದರೆ ಫಲಿತಾಂಶ ಸುಳ್ಳು ಹೇಳುತ್ತದೆ.

ಕೊನೆಗೆ ಪಾಪೆ ಹಿಗ್ಗಿಸುವ ಹನಿ. ಚಿಕ್ಕ ವಯಸ್ಸಿನವರ ಕಣ್ಣಿನ ಸ್ನಾಯು ಬಿಗಿದುಕೊಂಡು ಮೈನಸ್ ಹೆಚ್ಚು ತೋರಿಸುವುದುಂಟು, ಹನಿ ಅದನ್ನು ಸಡಿಲಿಸುತ್ತದೆ. ರೆಟಿನಾದ (ಕಣ್ಣಿನ ಹಿಂಭಾಗದ ಪರದೆಯ) ಅಂಚಲ್ಲಿ ತೂತು, ತೆಳುವಾದ ಜಾಗ ಇದೆಯೇ ಅನ್ನುವುದೂ ಆಗಲೇ ಕಾಣುವುದು. ನಾಲ್ಕಾರು ಗಂಟೆ, ಕೆಲವು ಹನಿಗೆ ಇಡೀ ದಿನ, ಓದಲು ಮಂಜು ಮಂಜು. ಗಾಡಿ ಓಡಿಸಬೇಡಿ, ಕಪ್ಪು ಕನ್ನಡಕ ಜೊತೆಗಿರಲಿ.

ಉತ್ತರ 3

ತಗೊಂಡು ಹೋಗಲು: ಈಗಿನ ಕನ್ನಡಕ, ವರ್ಷ ಹಳೆಯ ಪವರ್ ಚೀಟಿ. ಒಂದು ವರ್ಷದಲ್ಲಿ 0.5ಕ್ಕಿಂತ ಹೆಚ್ಚು ಬದಲಾಗಿಲ್ಲ ಅನ್ನುವುದಕ್ಕೆ ಅದೇ ಸಾಕ್ಷಿ. ಔಷಧಿ ಪಟ್ಟಿಯಲ್ಲಿ ಮೊಡವೆಗೆ ನುಂಗುವ ಐಸೊಟ್ರೆಟಿನಾಯಿನ್, ಅಲರ್ಜಿ ಮಾತ್ರೆ ಬಿಡದೆ ಬರೆಯಿರಿ, ಎರಡೂ ಕಣ್ಣು ಒಣಗಿಸುತ್ತವೆ. ಗರ್ಭಿಣಿಯರಲ್ಲಿ, ಹಾಲೂಡಿಸುವವರಲ್ಲಿ ಪವರ್ ಏರುಪೇರಾಗುವುದರಿಂದ ಮುಂದೂಡುತ್ತಾರೆ. ಮನೆಯಲ್ಲಿ ಯಾರಿಗಾದರೂ ಕೆರಟೋಕೋನಸ್ ಇದ್ದರೆ ಕೇಳದಿದ್ದರೂ ಹೇಳಿ. ಕಾಡಿಗೆ, ಮಸ್ಕಾರ ಬೇಡ.

ಬರುವಾಗ ವರದಿಯ ಪ್ರತಿ ಕೇಳಿ ಪಡೆಯಿರಿ. ಮುಂದೆಂದೋ ಪೊರೆ ಬಂದಾಗ ಲೆನ್ಸ್ ಪವರ್ ಲೆಕ್ಕಕ್ಕೆ ಲೇಸರ್‌ಗೆ ಮುಂಚಿನ ಅಂಕಿಗಳು ನೆರವಾಗುತ್ತವೆ.

ಪ್ರಶ್ನೆ ಕೇಳಿದವರು

ತಾರೀಖು ಮುಂದಕ್ಕೆ ಹಾಕಿಸಿದೆ. ಆದರೆ ನನ್ನ ಕನ್ನಡಕ ಹಳೆಯದು, ಮೈನಸ್ 4.5. ಈ ಎರಡು ವಾರಕ್ಕೆ ಹೊಸದು ಮಾಡಿಸಲೇ?

ಉತ್ತರ 1

ಬೇಡ. ಲೆನ್ಸ್ ಬಿಟ್ಟ ಮೊದಲ ದಿನಗಳಲ್ಲಿ ಸಿಗುವ ಪವರ್ ನಿಲ್ಲುವಂಥದ್ದಲ್ಲ, ಮಾಡಿಸಿದ ಗ್ಲಾಸು ವ್ಯರ್ಥ. ಹಳೆಯದರಲ್ಲೇ ಕಾಲ ತಳ್ಳಿ, ದೂರ ಸ್ಪಷ್ಟವಾಗಿ ಕಾಣದಿದ್ದರೆ ಅಷ್ಟು ದಿನ ಗಾಡಿ ಮುಟ್ಟಬೇಡಿ.